ಗಿಳಿಯ ಗುಣವರಿತು ನಡೆಯುವುದು: ಚಳ್ಳಕೆರೆ ಮತ್ತು ಮೊಳಕಾಲ್ಮೂರು ಭಾಗದ ರೈತ ಕುಟುಂಬಗಳಿಗೆ ಮಾಹಿತಿ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಸಾಲಿನಲ್ಲಿವೆ. ಶೇಂಗಾ, ಜೋಳ, ಸೂರ್ಯಕಾಂತಿ, ಮೆಕ್ಕೆಜೋಳ ಹಾಗೂ ಇತ್ತೀಚಿನ ದಿನಗಳಲ್ಲಿ ದಾಳಿಂಬೆ ಬೆಳೆಯುವ ಈ ಭಾಗದ ರೈತರಿಗೆ ಗಿಳಿಯ ಪರಿಚಯ ಎರಡು ಬಗೆಯದು. ಹೊಲದಲ್ಲಿ ಅದು ತೆನೆ ಕಡಿಯುವ ಹಕ್ಕಿ. ಮನೆಯ ಪಡಸಾಲೆಯಲ್ಲಿ ಮಕ್ಕಳೊಡನೆ ಮಾತನಾಡಲೆಂದು ಪಂಜರದಲ್ಲಿಟ್ಟ ಅರಗಿಣಿ. ಈ ಎರಡೂ ಸಂದರ್ಭಗಳಲ್ಲಿ ಗಿಳಿ ತನ್ನ ಸ್ವಭಾವದಂತೆಯೇ ನಡೆಯುತ್ತದೆ. ಆ ಸ್ವಭಾವವನ್ನು ಅರಿಯದೆ ಸಾಕಿದಾಗ ಹಕ್ಕಿ ನರಳುತ್ತದೆ, ಮಕ್ಕಳ ಕೈಗೆ ಗಾಯವಾಗುತ್ತದೆ, ಕೆಲವೊಮ್ಮೆ ಕುಟುಂಬವು ಕಾನೂನಿನ ತೊಡಕಿಗೂ ಸಿಲುಕುತ್ತದೆ. ಯಾವ ಗಿಳಿಯನ್ನು ಸಾಕಬಾರದು, ಯಾವುದನ್ನು ಸಾಕಬಹುದು ಮತ್ತು ಸಾಕಿದ ಹಕ್ಕಿಯ ಗುಣವನ್ನು ಅರಿತು ಅದರೊಡನೆ ಹೇಗೆ ಬಾಳಬೇಕು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ನಮ್ಮ ಹೊಲಗಳ ಹಸಿರು ಗಿಳಿ

ಈ ಭಾಗದಲ್ಲಿ ಸಾಮಾನ್ಯವಾಗಿ ಕಾಣುವುದು ಗುಲಾಬಿ ಕೊರಳಪಟ್ಟಿಯ ಹಸಿರು ಗಿಳಿ. ಉದ್ದನೆಯ ಬಾಲವೂ ಸೇರಿ ಇದರ ಉದ್ದ ಸುಮಾರು 40 ಸೆಂ.ಮೀ. ಗಂಡು ಹಕ್ಕಿಗೆ ಕಪ್ಪು ಮತ್ತು ಗುಲಾಬಿ ಬಣ್ಣದ ಕೊರಳಪಟ್ಟಿ ಇರುತ್ತದೆ. ಅದು ಸ್ಪಷ್ಟವಾಗಿ ಮೂಡಲು ಎರಡರಿಂದ ಮೂರು ವರ್ಷ ಬೇಕು. ಅಲ್ಲಿಯವರೆಗೆ ನೋಟದಿಂದ ಗಂಡು ಹೆಣ್ಣುಗಳನ್ನು ಗುರುತಿಸುವುದು ಕಷ್ಟ. ಹಳೆಯ ಬೇವು, ಹುಣಸೆ, ಆಲ, ತೆಂಗಿನ ಮರಗಳ ಪೊಟರೆಗಳಲ್ಲಿ ಇವು ಗೂಡು ಮಾಡುತ್ತವೆ. ದಕ್ಷಿಣ ಭಾರತದಲ್ಲಿ ಸಾಮಾನ್ಯವಾಗಿ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಮರಿ ಮಾಡುವ ಕಾಲ. ತಾಯಿ ಹಕ್ಕಿ ಸುಮಾರು ಮೂರು ವಾರ ಕಾವು ಕೊಡುತ್ತದೆ. ಮರಿಗಳು ಆರೇಳು ವಾರ ಗೂಡಿನಲ್ಲಿಯೇ ಬೆಳೆಯುತ್ತವೆ.

ಮರಿಗಳನ್ನು ಪೊಟರೆಯಿಂದ ತೆಗೆಯುವುದು ಸಾಮಾನ್ಯವಾಗಿ ಈ ಅವಧಿಯಲ್ಲಿಯೇ. ರೆಕ್ಕೆ ಬಲಿಯದ ಮರಿಗೆ ಅನ್ನ ಅಥವಾ ಹಾಲಿನಲ್ಲಿ ನೆನೆಸಿದ ಬ್ರೆಡ್ಡು ತಿನ್ನಿಸಿ ಬೆಳೆಸಲು ಯತ್ನಿಸಿದಾಗ ಅನೇಕ ಮರಿಗಳು ಸಾಯುತ್ತವೆ. ಹಕ್ಕಿಗಳಿಗೆ ಹಾಲನ್ನು ಜೀರ್ಣಿಸಿಕೊಳ್ಳುವ ಶಕ್ತಿ ಇಲ್ಲ. ಬದುಕುಳಿದ ಮರಿಯೂ ತನ್ನ ಹಿಂಡಿನ ಭಾಷೆ, ಆಹಾರ ಹುಡುಕುವ ಕ್ರಮ ಮತ್ತು ಹದ್ದು, ಬೆಕ್ಕುಗಳಿಂದ ತಪ್ಪಿಸಿಕೊಳ್ಳುವ ಜಾಣ್ಮೆಯನ್ನು ಕಲಿಯದೆ ದೊಡ್ಡದಾಗುತ್ತದೆ.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದ ಕಾಡು ಗಿಳಿಗಳೆಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಅವುಗಳನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು ಮತ್ತು ಪಂಜರದಲ್ಲಿ ಸಾಕುವುದು ಅಪರಾಧ. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ ಕಾಯ್ದೆಯ ಪ್ರಕಾರ ಇಂತಹ ಅಪರಾಧಕ್ಕೆ ಮೂರು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಸಂತೆ, ಜಾತ್ರೆಗಳಲ್ಲಿ ಹಸಿರು ಗಿಳಿಯನ್ನು ಮಾರುವವರಿಗೂ, ಗಿಣಿಶಾಸ್ತ್ರ ಹೇಳಲು ಅದನ್ನು ಪಂಜರದಲ್ಲಿಟ್ಟವರಿಗೂ ಈ ನಿಯಮ ಅನ್ವಯಿಸುತ್ತದೆ. ‘ಗಾಯಗೊಂಡು ಸಿಕ್ಕಿತು, ಅದಕ್ಕೆ ಸಾಕಿಕೊಂಡೆವು’ ಎಂಬ ಕಾರಣದಿಂದ ಸಾಕುವ ಹಕ್ಕು ದೊರೆಯುವುದಿಲ್ಲ.

ಈ ಕಾಳಜಿ ನಮ್ಮ ನೆಲಕ್ಕೆ ಹೊಸತೇನಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಬಂಡೆಗಲ್ಲು ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದ ಈ ಶಾಸನಗಳು ತಂದೆತಾಯಿಯರ ಸೇವೆ ಮತ್ತು ಸತ್ಯ ನುಡಿಯುವುದರ ಜೊತೆಗೆ ಜೀವಿಗಳ ವಿಷಯದಲ್ಲಿ ತೋರಬೇಕಾದ ದಯೆಯನ್ನೂ ಬೋಧಿಸುತ್ತವೆ. ಉತ್ತರ ಭಾರತದಲ್ಲಿರುವ ಅದೇ ದೊರೆಯ ಐದನೆಯ ಸ್ತಂಭ ಶಾಸನವು ಕೊಲ್ಲಬಾರದ ಪ್ರಾಣಿಗಳ ಪಟ್ಟಿಯನ್ನು ಕೊಡುತ್ತದೆ. ಆ ಪಟ್ಟಿಯ ಮೊದಲ ಹೆಸರು ಗಿಳಿಯದು.

ಈಗಾಗಲೇ ಮನೆಯಲ್ಲಿ ಹಸಿರು ಗಿಳಿ ಇದ್ದರೆ

ಕಾನೂನಿನ ವಿಷಯ ತಿಳಿದೊಡನೆ ಭಯಪಟ್ಟು ಪಂಜರದ ಬಾಗಿಲು ತೆರೆದು ಹಕ್ಕಿಯನ್ನು ಹಾರಿಬಿಡುವುದು ಸರಿಯಲ್ಲ. ವರ್ಷಗಟ್ಟಲೆ ಪಂಜರದಲ್ಲಿದ್ದ ಗಿಳಿಯ ರೆಕ್ಕೆಯ ಸ್ನಾಯುಗಳು ಬಲಗುಂದಿರುತ್ತವೆ. ಅದಕ್ಕೆ ಆಹಾರ ಹುಡುಕಲು ಬಾರದು. ಮನುಷ್ಯರ ಭಯವೂ ಇರುವುದಿಲ್ಲ. ಇಂತಹ ಹಕ್ಕಿ ಕೆಲವೇ ದಿನಗಳಲ್ಲಿ ನಾಯಿ, ಬೆಕ್ಕು ಅಥವಾ ಕಾಗೆಗಳಿಗೆ ಬಲಿಯಾಗುವ ಸಂಭವ ಹೆಚ್ಚು. ಆದ್ದರಿಂದ ತಾಲ್ಲೂಕಿನ ವಲಯ ಅರಣ್ಯಾಧಿಕಾರಿಗಳನ್ನು ಅಥವಾ ಅರಣ್ಯ ಇಲಾಖೆಯ ಸಹಾಯವಾಣಿ 1926 ಅನ್ನು ಸಂಪರ್ಕಿಸಿ ಹಕ್ಕಿಯನ್ನು ಇಲಾಖೆಯ ವಶಕ್ಕೆ ಒಪ್ಪಿಸುವುದು ಸೂಕ್ತ. ಹಿಂಡಿನೊಡನೆ ಸೇರಬಲ್ಲ ಹಕ್ಕಿ ಯಾವುದು, ಜೀವನಪೂರ್ತಿ ಆರೈಕೆ ಬೇಕಾದ ಹಕ್ಕಿ ಯಾವುದು ಎಂಬುದನ್ನು ತಿಳಿದವರು ಪರೀಕ್ಷಿಸಿ ನಿರ್ಧರಿಸಬೇಕಾಗುತ್ತದೆ.

ಗೂಡಿನಿಂದ ಬಿದ್ದ ಮರಿ ಸಿಕ್ಕರೆ, ಮೊದಲು ಅದೇ ಪೊಟರೆಗೆ ಅದನ್ನು ಮರಳಿ ಇಡಲು ಸಾಧ್ಯವೇ ಎಂದು ನೋಡಬೇಕು. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ನಂಬಿಕೆಗೆ ಆಧಾರವಿಲ್ಲ.

ಸಾಕಬಹುದಾದ ಗಿಳಿ ಜಾತಿಗಳು

ಹೊರದೇಶಗಳ ಮೂಲದ, ಪಂಜರದಲ್ಲಿಯೇ ತಲೆಮಾರುಗಳಿಂದ ಮರಿ ಮಾಡಿಸಿದ ಕೆಲವು ಗಿಳಿ ಜಾತಿಗಳನ್ನು ಸಾಕಲು ಅವಕಾಶವಿದೆ. ಪೇಟೆಯಲ್ಲಿ ಸಾಮಾನ್ಯವಾಗಿ ದೊರೆಯುವವು ಇವು:

• ಬಜರಿಗರ್: ಆಸ್ಟ್ರೇಲಿಯಾದ ಒಣ ಬಯಲಿನ ಪುಟ್ಟ ಗಿಳಿ. ಇದನ್ನೇ ಅನೇಕರು ‘ಲವ್ ಬರ್ಡ್ಸ್’ ಎಂದು ತಪ್ಪಾಗಿ ಕರೆಯುತ್ತಾರೆ. ಆಯುಷ್ಯ 5ರಿಂದ 10 ವರ್ಷ.
• ಕಾಕಟೀಲ್: ತಲೆಯ ಮೇಲೆ ಜುಟ್ಟುಳ್ಳ ಆಸ್ಟ್ರೇಲಿಯಾದ ಗಿಳಿ. ಆಯುಷ್ಯ 15ರಿಂದ 20 ವರ್ಷ.
• ಲವ್‌ಬರ್ಡ್: ಆಫ್ರಿಕಾ ಮೂಲದ, ಮೋಟು ಬಾಲದ ಗಿಳಿ. ಆಯುಷ್ಯ 10ರಿಂದ 15 ವರ್ಷ.

ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿರುವ ಜಾತಿಗಳನ್ನು, ಉದಾಹರಣೆಗೆ ಆಫ್ರಿಕಾದ ಬೂದು ಗಿಳಿ, ಮಕಾವ್, ಸನ್ ಕಾನ್ಯೂರ್ ಮುಂತಾದವನ್ನು ಸಾಕುವವರು 2024ರ ನಿಯಮಗಳಂತೆ ‘ಪರಿವೇಶ್’ ಜಾಲತಾಣದಲ್ಲಿ ನೋಂದಾಯಿಸುವುದು ಕಡ್ಡಾಯ. ಬಜರಿಗರ್, ಕಾಕಟೀಲ್ ಮತ್ತು ಗುಲಾಬಿ ಮುಖದ ಲವ್‌ಬರ್ಡ್‌ಗಳು ಆ ಪಟ್ಟಿಯಲ್ಲಿಲ್ಲ. ಹಕ್ಕಿ ಕೊಳ್ಳುವಾಗ ರಸೀದಿ ಪಡೆದು ಇಟ್ಟುಕೊಳ್ಳುವುದು ಒಳ್ಳೆಯದು. ಹಸಿರು ಗಿಳಿಯ ಮರಿಗೆ ಬಣ್ಣ ಹಚ್ಚಿ ‘ವಿದೇಶಿ’ ಎಂದು ಮಾರುವವರೂ ಇದ್ದಾರೆ, ಎಚ್ಚರವಹಿಸಬೇಕು.

ಸಾಕಲಾರೆವೆಂದು ವಿದೇಶಿ ಹಕ್ಕಿಯನ್ನು ಹೊರಗೆ ಬಿಡಬಾರದು. ಬಹುಪಾಲು ಹಕ್ಕಿಗಳು ಸಾಯುತ್ತವೆ. ಕೆಲವು ನೆಲೆಯೂರಿದರೆ ಸ್ಥಳೀಯ ಹಕ್ಕಿಗಳಿಗೆ ಕಂಟಕವಾಗುತ್ತವೆ. ಪಂಜರದಿಂದ ತಪ್ಪಿಸಿಕೊಂಡ ನಮ್ಮ ಹಸಿರು ಗಿಳಿಯೇ ಲಂಡನ್ ಮೊದಲಾದ ಯುರೋಪಿನ ನಗರಗಳಲ್ಲಿ ಸಾವಿರಗಟ್ಟಲೆ ಸಂಖ್ಯೆಯಲ್ಲಿ ಹಬ್ಬಿದೆ.

ಪ್ರತಿ ಹಕ್ಕಿಗೂ ತನ್ನದೇ ಗುಣ

ಪಶುಪಾಲನೆಯಲ್ಲಿ ಪಳಗಿದ ನಮ್ಮ ಜನಕ್ಕೆ ಈ ಮಾತು ಹೊಸದಲ್ಲ. ಚಳ್ಳಕೆರೆ ಮತ್ತು ಮೊಳಕಾಲ್ಮೂರು ಭಾಗದ ಹಟ್ಟಿಗಳಲ್ಲಿ ದೇವರ ಹೆಸರಿನಲ್ಲಿ ಬಿಟ್ಟ ‘ದೇವರ ಎತ್ತು’ಗಳ ಹಿಂಡುಗಳಿವೆ. ಅವುಗಳಿಗೆ ನೊಗ ಹೂಡುವುದಿಲ್ಲ. ಕಿಲಾರಿಯೇ ಅವುಗಳ ಹಿಂದೆ ಹೋಗಿ ಮೇಯಿಸುತ್ತಾನೆ. ಯಾವುದು ಹಾಯುತ್ತದೆ, ಯಾವುದು ಬೆದರುತ್ತದೆ, ಯಾವುದು ಹಿಂಡನ್ನು ನಡೆಸುತ್ತದೆ ಎಂಬುದನ್ನು ತಿಳಿದೇ ಆತ ಹಿಂಡನ್ನು ಕಾಯಬೇಕು. ಕುರಿಗಾಹಿಗಳ ವಿಷಯವೂ ಹಾಗೆಯೇ. ಪಶುವಿನ ವಿಷಯದಲ್ಲಿ ತೋರುವ ಈ ತಿಳಿವಳಿಕೆಯನ್ನು ಪಂಜರದ ಹಕ್ಕಿಯ ವಿಷಯದಲ್ಲಿ ನಾವು ಮರೆಯುತ್ತೇವೆ. ಗಿಳಿ ಎಂದರೆ ಹೇಳಿಕೊಟ್ಟದ್ದನ್ನು ಒಪ್ಪಿಸುವ ಹಕ್ಕಿ ಎಂಬ ಭಾವನೆಯಿಂದಲೇ ‘ಗಿಳಿಪಾಠ’ ಎಂಬ ಮಾತು ಹುಟ್ಟಿದೆ.

ವೈಜ್ಞಾನಿಕ ಅಧ್ಯಯನಗಳು ಬೇರೆಯದನ್ನೇ ತೋರಿಸಿವೆ. ವೆನೆಜುವೆಲಾದ ಪುಟ್ಟ ಕಾಡು ಗಿಳಿಗಳ ಗೂಡುಗಳಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ತಾಯಿತಂದೆ ಹಕ್ಕಿಗಳಿಂದ ಪ್ರತಿ ಮರಿಯೂ ಗೂಡಿನಲ್ಲಿಯೇ ತನ್ನದೇ ಆದ ಒಂದು ಗುರುತಿನ ಕೂಗನ್ನು ಕಲಿಯುತ್ತದೆ. ಅಂದರೆ ಒಂದೇ ಗೂಡಿನ ಮರಿಗಳನ್ನೂ ಗಿಳಿಗಳು ಬೇರೆ ಬೇರೆಯಾಗಿಯೇ ಕಾಣುತ್ತವೆ. ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ ಅವರು 1977ರಿಂದ 2007ರವರೆಗೆ ಅಧ್ಯಯನ ಮಾಡಿದ ಅಲೆಕ್ಸ್ ಎಂಬ ಬೂದು ಗಿಳಿ ಬಣ್ಣ, ಆಕಾರ ಮತ್ತು ಸಣ್ಣ ಸಂಖ್ಯೆಗಳನ್ನು ಹೆಸರಿಸುತ್ತಿತ್ತು. ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದಾಗ ಅದು ಸರಿಯುತ್ತರವೊಂದನ್ನು ಬಿಟ್ಟು ಉಳಿದೆಲ್ಲ ಉತ್ತರಗಳನ್ನು ಕೊಟ್ಟ ಪ್ರಸಂಗಗಳೂ ದಾಖಲಾಗಿವೆ. ಅಷ್ಟು ಕಲಿತ ಹಕ್ಕಿಗೂ ತನ್ನ ಇಷ್ಟಾನಿಷ್ಟಗಳಿದ್ದವು.

ಆದ್ದರಿಂದ ಒಂದೇ ಅಂಗಡಿಯಿಂದ, ಒಂದೇ ದಿನ ತಂದ ಎರಡು ಹಕ್ಕಿಗಳಲ್ಲಿ ಒಂದು ವಾರದೊಳಗೆ ಕೈಮೇಲೆ ಕೂರಬಹುದು. ಇನ್ನೊಂದು ವರ್ಷವಾದರೂ ದೂರವೇ ಇರಬಹುದು. ಒಂದು ಮಾತು ಕಲಿಯಬಹುದು. ಇನ್ನೊಂದು ಎಂದೂ ಕಲಿಯದಿರಬಹುದು. ಬಜರಿಗರ್‌ಗಳಲ್ಲಿ ಮಾತು ಕಲಿಯುವವು ಹೆಚ್ಚಾಗಿ ಗಂಡು ಹಕ್ಕಿಗಳು. ಅವುಗಳಲ್ಲಿಯೂ ಎಲ್ಲವೂ ಕಲಿಯುವುದಿಲ್ಲ. ಪಕ್ಕದ ಮನೆಯ ಹಕ್ಕಿಯೊಡನೆ ಹೋಲಿಸಿ ‘ನಮ್ಮದು ದಡ್ಡ ಹಕ್ಕಿ’ ಎಂದು ನಿರ್ಧರಿಸುವುದಾಗಲಿ, ಮಾತು ಬರಲೆಂದು ನಾಲಗೆ ಕೆರೆಯುವುದಾಗಲಿ, ಉಪವಾಸ ಕೆಡವುವುದಾಗಲಿ ಕ್ರೌರ್ಯವೇ ಹೊರತು ತರಬೇತಿಯಲ್ಲ.

ಹಕ್ಕಿಯ ದೇಹಭಾಷೆಯನ್ನು ತಿಳಿಯುವ ಬಗೆ

ಗಿಳಿ ಕಚ್ಚುವ ಮುನ್ನ ಸಾಮಾನ್ಯವಾಗಿ ಸೂಚನೆ ಕೊಡುತ್ತದೆ. ಅದನ್ನು ನಾವು ಗಮನಿಸದಿದ್ದಾಗ ಮಾತ್ರ ಕೊಕ್ಕನ್ನು ಬಳಸುತ್ತದೆ.

• ಮೈಗೆ ಗರಿ ಬಿಗಿಯಾಗಿ ಅಂಟಿಸಿಕೊಂಡು ನೀಳವಾಗಿ ನಿಲ್ಲುವುದು: ಭಯ. ಹತ್ತಿರ ಹೋಗಬಾರದು.
• ಕಣ್ಣಿನ ಪಾಪೆ ಬೇಗ ಬೇಗ ಹಿಗ್ಗಿ ಕುಗ್ಗುವುದು, ಬಾಲದ ಗರಿ ಬಿಚ್ಚುವುದು, ಕತ್ತಿನ ಗರಿ ನಿಮಿರುವುದು: ತೀವ್ರ ಉದ್ರೇಕ. ಕೈಯೊಡ್ಡಬಾರದು.
• ಕಾಕಟೀಲ್ ಜುಟ್ಟನ್ನು ತಲೆಗೆ ಅಂಟಿಸಿ ಬುಸುಗುಟ್ಟುವುದು: ದೂರ ಇರಿ ಎಂಬ ಎಚ್ಚರಿಕೆ.
• ಒಂಟಿ ಕಾಲಿನಲ್ಲಿ ನಿಂತು ಕೊಕ್ಕನ್ನು ಮೆಲ್ಲಗೆ ಉಜ್ಜಿಕೊಳ್ಳುವುದು: ನೆಮ್ಮದಿ, ನಿದ್ದೆಗೆ ಸಿದ್ಧತೆ.
• ತಲೆ ಬಾಗಿಸಿ ಕತ್ತಿನ ಗರಿ ಸಡಿಲಿಸುವುದು: ತಲೆ ಕೆರೆಯಲು ಆಹ್ವಾನ.
• ಹಗಲಿಡೀ ಗರಿಯುಬ್ಬಿಸಿ, ಕಣ್ಣು ಮುಚ್ಚಿ ಕುಳಿತಿರುವುದು: ಅನಾರೋಗ್ಯ. ಇದನ್ನು ‘ಸಾಧುವಾಗಿದೆ’ ಎಂದು ಭಾವಿಸಬಾರದು.

ಒಂದೇ ಹಕ್ಕಿಯ ವರ್ತನೆಯೂ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಪ್ರಾಯಕ್ಕೆ ಬಂದಾಗ, ಮರಿ ಮಾಡುವ ಕಾಲದಲ್ಲಿ, ಗರಿ ಉದುರುವಾಗ ಸಾಧು ಹಕ್ಕಿಯೂ ಕಚ್ಚಬಹುದು. ಕೆಲವು ವಾರಗಳ ನಂತರ ಅದು ಮೊದಲಿನಂತಾಗುತ್ತದೆ.

ಗುಣವನ್ನು ಒಪ್ಪಿಕೊಂಡು ಸಾಕುವ ಕ್ರಮ

ಹೊಸ ಹಕ್ಕಿ ತಂದ ಮೊದಲ ಒಂದೆರಡು ವಾರ ಅದನ್ನು ಹಿಡಿಯಲು ಯತ್ನಿಸಬಾರದು. ಪಂಜರದ ಒಂದು ಬದಿ ಗೋಡೆಗೆ ತಾಗಿದ್ದರೆ ಹಕ್ಕಿಗೆ ಧೈರ್ಯ. ದಿನವೂ ಅದೇ ಹೊತ್ತಿಗೆ, ಅದೇ ವ್ಯಕ್ತಿ ಆಹಾರ ಕೊಟ್ಟು, ಸನಿಹದಲ್ಲಿ ಕುಳಿತು ಮೆಲುದನಿಯಲ್ಲಿ ಮಾತನಾಡಬೇಕು. ನಂತರ ಸಿರಿಧಾನ್ಯದ ತೆನೆಯೊಂದನ್ನು ಕೈಯಲ್ಲಿ ಹಿಡಿದು ಕಾಯಬೇಕು. ಹಕ್ಕಿ ತಾನಾಗಿ ಬಂದರೆ ಸರಿ. ಬಾರದಿದ್ದರೆ ಮರುದಿನ ಮತ್ತೆ ನೋಡಬೇಕು. ಕಚ್ಚಿದಾಗ ಕೂಗುವುದು, ಕೊಕ್ಕಿಗೆ ಹೊಡೆಯುವುದು, ಪಂಜರ ಅಲುಗಾಡಿಸುವುದು ಬೇಡ. ಹಕ್ಕಿಗೆ ಶಿಕ್ಷೆಯ ಅರ್ಥ ತಿಳಿಯದು. ಭಯ ಮಾತ್ರ ಉಳಿಯುತ್ತದೆ.

ಕೈಗೆ ಬಾರದ ಹಕ್ಕಿಯನ್ನೂ ಚೆನ್ನಾಗಿ ಸಾಕಬಹುದು. ಅದಕ್ಕೆ ತನ್ನದೇ ಜಾತಿಯ ಜೊತೆಗಾರ ಹಕ್ಕಿ, ಹಾರಲು ಅಗಲವಾದ ಪಂಜರ, ಕಡಿಯಲು ಔಷಧ ಸಿಂಪಡಿಸದ ಬೇವು ಅಥವಾ ಪೇರಲದ ಕೊಂಬೆಗಳು ಇದ್ದರೆ ಸಾಕು. ಗಿಳಿ ಹಿಂಡಿನ ಹಕ್ಕಿ. ಹಗಲೆಲ್ಲ ಹೊಲಕ್ಕೆ ಹೋಗುವ ಮನೆಯಲ್ಲಿ ಒಂಟಿ ಹಕ್ಕಿಯನ್ನು ಇಡುವುದು ಸೂಕ್ತವಲ್ಲ. ಒಂಟಿತನದಿಂದ ಅದು ಸತತವಾಗಿ ಕಿರುಚುವುದೂ, ತನ್ನ ಗರಿಗಳನ್ನು ತಾನೇ ಕಿತ್ತುಕೊಳ್ಳುವುದೂ ಉಂಟು. ಎರಡು ಹಕ್ಕಿಗಳ ನಡುವೆ ಹೊಂದಾಣಿಕೆ ಆಗದಿದ್ದರೆ ಬಲವಂತವಾಗಿ ಒಂದೇ ಪಂಜರದಲ್ಲಿ ಇಡದೆ, ಪಕ್ಕಪಕ್ಕದ ಪಂಜರಗಳಲ್ಲಿ ಸಾಕಬೇಕು. ಲವ್‌ಬರ್ಡ್‌ಗಳನ್ನು ಬಜರಿಗರ್‌ಗಳೊಡನೆ ಬೆರೆಸಬಾರದು. ಅವು ಚಿಕ್ಕ ಹಕ್ಕಿಗಳ ಕಾಲು ಕಡಿಯುತ್ತವೆ.

ಒಂದು ಜೊತೆ ಬಜರಿಗರ್‌ಗೆ ಪಂಜರ ಕನಿಷ್ಠ 60 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ ಮತ್ತು ಅಷ್ಟೇ ಎತ್ತರ ಇರಲಿ. ರಾತ್ರಿ 10ರಿಂದ 12 ಗಂಟೆ ಕತ್ತಲೆ ಮತ್ತು ನಿಶ್ಶಬ್ದ ಬೇಕು, ಟಿ.ವಿ. ಇರುವ ಕೋಣೆ ಬೇಡ. ಬೇಸಿಗೆಯಲ್ಲಿ ಈ ಭಾಗದ ಉಷ್ಣಾಂಶ 40 ಡಿಗ್ರಿಯ ಹತ್ತಿರ ಹೋಗುವುದರಿಂದ ತಗಡಿನ ಮಾಡಿನ ಕೆಳಗೆ ಪಂಜರ ತೂಗುಹಾಕಬಾರದು. ಹಕ್ಕಿ ಬಾಯಿ ತೆರೆದು ಏದುಸಿರು ಬಿಡುತ್ತ ರೆಕ್ಕೆಗಳನ್ನು ಮೈಯಿಂದ ಅಗಲಿಸಿದರೆ ಅದು ಬಿಸಿಲಿನ ಹೊಡೆತದ ಸೂಚನೆ. ನೆರಳಿಗೆ ಸಾಗಿಸಿ, ಸಾಧಾರಣ ತಂಪಿನ ನೀರನ್ನು ಸಿಂಪಡಿಸಬೇಕು.

ಆಹಾರದಲ್ಲಿ ಎಚ್ಚರ

ಚಳ್ಳಕೆರೆ ಎಣ್ಣೆ ಗಿರಣಿಗಳ ಊರು. ಗಿಳಿಗೆ ಶೇಂಗಾ ಹಾಕುವುದು ಇಲ್ಲಿನ ರೂಢಿ. ಆದರೆ ಕಟಾವಿನ ಕಾಲದಲ್ಲಿ ಮಳೆಗೆ ಸಿಕ್ಕ, ಸರಿಯಾಗಿ ಒಣಗದ ಅಥವಾ ಸುಕ್ಕುಗಟ್ಟಿದ ಶೇಂಗಾ ಬೀಜದಲ್ಲಿ ಆಸ್ಪರ್ಜಿಲಸ್ ಶಿಲೀಂಧ್ರ ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷ ಉಂಟಾಗುತ್ತದೆ. ಅದು ಹಕ್ಕಿಗಳ ಯಕೃತ್ತನ್ನು ಹಾಳುಮಾಡುತ್ತದೆ. ಮಾರಾಟಕ್ಕೆ ಬಾರದೆಂದು ಆರಿಸಿ ತೆಗೆದ ಬೀಜವನ್ನು ಹಕ್ಕಿಗೆ ಹಾಕಲೇಬಾರದು. ಶೇಂಗಾ ಮತ್ತು ಸೂರ್ಯಕಾಂತಿ ಬೀಜಗಳಲ್ಲಿ ಕೊಬ್ಬು ಹೆಚ್ಚಿರುವುದರಿಂದ ಉತ್ತಮ ಬೀಜವನ್ನೂ ಅಪರೂಪಕ್ಕೆ, ಸ್ವಲ್ಪವೇ ಕೊಡಬೇಕು.

ನವಣೆ, ಸಾಮೆ, ಸಜ್ಜೆಗಳಂತಹ ಸಿರಿಧಾನ್ಯಗಳು, ಮೊಳಕೆ ಕಾಳು, ನುಗ್ಗೆಸೊಪ್ಪು, ಕೊತ್ತಂಬರಿ, ಕ್ಯಾರೆಟ್, ಪೇರಲ, ಬೀಜ ತೆಗೆದ ಸೇಬು ಉತ್ತಮ ಆಹಾರ. ಮೆಣಸಿನಕಾಯಿಯ ಖಾರ ಹಕ್ಕಿಗಳಿಗೆ ತಿಳಿಯುವುದಿಲ್ಲವಾದ್ದರಿಂದ ಅದನ್ನೂ ಕೊಡಬಹುದು. ಬೆಣ್ಣೆಹಣ್ಣು, ಚಾಕೊಲೇಟ್, ಚಹಾ, ಕಾಫಿ, ಈರುಳ್ಳಿ, ಉಪ್ಪಿನ ತಿಂಡಿಗಳು ಅಪಾಯಕಾರಿ. ಆಹಾರದಲ್ಲಿಯೂ ಪ್ರತಿ ಹಕ್ಕಿಗೆ ತನ್ನದೇ ರುಚಿಯಿದೆ. ಹೊಸ ಸೊಪ್ಪನ್ನು ಹತ್ತಾರು ದಿನ ನಿರಾಕರಿಸಿದ ಹಕ್ಕಿ ಮುಂದೆ ಇಷ್ಟಪಡಬಹುದು. ಅಂಟದ ಲೇಪನದ ಬಾಣಲೆ ಅತಿಯಾಗಿ ಕಾದಾಗ ಬರುವ ಹೊಗೆ ಹಕ್ಕಿಗಳಿಗೆ ಮಾರಕ. ಅಡುಗೆಮನೆಯಲ್ಲಿ ಪಂಜರ ಇಡಬಾರದು.

ಆರೋಗ್ಯ

ಗಿಳಿಗಳು ರೋಗವನ್ನು ಕೊನೆಯವರೆಗೂ ಮರೆಮಾಚುತ್ತವೆ. ಹಿಕ್ಕೆಯ ಬಣ್ಣ ಬದಲಾಗುವುದು, ತೂಕ ಇಳಿಯುವುದು, ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಡುವುದು ಕಂಡುಬಂದರೆ ಅಂದೇ ಪಶುವೈದ್ಯರಿಗೆ ತೋರಿಸಬೇಕು. ಸಿಟಕೋಸಿಸ್ ಎಂಬ ಸೋಂಕು ಒಣಗಿದ ಹಿಕ್ಕೆಯ ಧೂಳಿನಿಂದ ಮನುಷ್ಯರಿಗೂ ಹರಡುತ್ತದೆ. ಪಂಜರ ಶುಚಿಗೊಳಿಸುವಾಗ ಹಿಕ್ಕೆಯನ್ನು ನೀರಿನಿಂದ ತೇವಗೊಳಿಸಿ, ಮುಖಗವಸು ಧರಿಸಿ, ನಂತರ ಕೈಯನ್ನು ಸೋಪಿನಿಂದ ತೊಳೆಯಬೇಕು. ಹಕ್ಕಿ ಸಾಕುವವರಿಗೆ ಜ್ವರ, ತಲೆನೋವು, ಒಣಕೆಮ್ಮು ಬಂದರೆ ಮನೆಯಲ್ಲಿ ಗಿಳಿ ಇರುವ ವಿಷಯವನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ಇದು ಗುಣವಾಗುವ ಕಾಯಿಲೆ.

ಹೊಲದ ಗಿಳಿಯೊಡನೆ

ಹೊಲಕ್ಕೆ ಬರುವ ಗಿಳಿಯನ್ನು ಹಿಡಿಯುವುದು ಅಥವಾ ವಿಷವಿಟ್ಟು ಕೊಲ್ಲುವುದು ಕೂಡ ಅಪರಾಧ. ಅದರ ದಿನಚರಿಯನ್ನು ಅರಿತರೆ ನಷ್ಟ ತಗ್ಗಿಸಬಹುದು. ಗಿಳಿಗಳು ಮುಖ್ಯವಾಗಿ ಬೆಳಗಿನ ಹಾಗೂ ಸಂಜೆಯ ಹೊತ್ತಿನಲ್ಲಿ ಮೇಯುತ್ತವೆ. ಕಾವಲು ಆ ಅವಧಿಯಲ್ಲಿ ಬಿಗಿಯಾಗಿರಲಿ. ಕಾಳು ಹಾಲುಗಟ್ಟುವ ಹಂತದಿಂದ ಮಿಂಚುಪಟ್ಟಿ ಕಟ್ಟಿ, ಹಕ್ಕಿಗಳು ರೂಢಿಯಾಗದಂತೆ ಆಗಾಗ ಸ್ಥಳ ಬದಲಿಸಬೇಕು. ಅಕ್ಕಪಕ್ಕದ ರೈತರು ಏಕಕಾಲದಲ್ಲಿ ಬಿತ್ತಿದರೆ ಹಾನಿ ಒಬ್ಬರ ಮೇಲೆಯೇ ಬೀಳುವುದಿಲ್ಲ. ದಾಳಿಂಬೆ ತೋಟಕ್ಕೆ ಬಲೆ ಹಾಕಿದವರು ದಿನಕ್ಕೆರಡು ಬಾರಿ ನೋಡಿ, ಸಿಲುಕಿದ ಹಕ್ಕಿಯನ್ನು ಬಿಡಿಸಬೇಕು.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆಗಳು

• ಡಿಸೆಂಬರ್ ತಿಂಗಳಿಗೆ ಮುನ್ನವೇ ಗ್ರಾಮಸಭೆ ಮತ್ತು ಶಾಲೆಗಳಲ್ಲಿ ಗೂಡಿನ ಮರಿ ತೆಗೆಯದಂತೆ ತಿಳಿವಳಿಕೆ ನೀಡುವುದು.
• ಪೊಟರೆಯುಳ್ಳ ಹಳೆಯ ಮರಗಳನ್ನು ಉಳಿಸಿಕೊಳ್ಳಲು ರೈತರ ಮನವೊಲಿಸುವುದು.
• ಹಸಿರು ಗಿಳಿ ಸಾಕಿರುವ ಮನೆಗಳಲ್ಲಿ ಗದರಿಸದೆ ಮಾತನಾಡುವುದು. ಆ ಹಕ್ಕಿ ಅನೇಕ ವರ್ಷಗಳಿಂದ ಮನೆಯವರಲ್ಲಿ ಒಂದಾಗಿ ಬೆಳೆದಿರಬಹುದು. ಒಂಟಿಯಾಗಿರುವ ಹಿರಿಯರಿಗೆ ಅದೇ ಮಾತಿನ ಜೊತೆಯಾಗಿರಬಹುದು. ಬಿಟ್ಟುಕೊಡುವ ದುಃಖವನ್ನು ಅರಿತು, ಅರಣ್ಯ ಇಲಾಖೆಯ ಸಂಪರ್ಕವನ್ನು ತಾವೇ ಮಾಡಿಸಿಕೊಡುವುದು.
• ವಿದೇಶಿ ಹಕ್ಕಿ ಕೊಳ್ಳಬಯಸುವವರಿಗೆ ಮೊದಲು ಅದರ ಆಯುಷ್ಯ, ಗಲಾಟೆ, ಕಚ್ಚುವ ಸಂಭವ ಮತ್ತು ಬೇಕಾಗುವ ಸಮಯವನ್ನು ತಿಳಿಸುವುದು.

ಗಿಳಿ ಸಾಕುವ ಮುನ್ನ ಕುಟುಂಬದವರು ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಒಳಿತು: ಈ ಹಕ್ಕಿ ಎಂದೂ ಮಾತನಾಡದಿದ್ದರೆ, ಎಂದೂ ಕೈಗೆ ಬಾರದಿದ್ದರೆ, ಹತ್ತು ವರ್ಷವೂ ಇದೇ ಅಕ್ಕರೆಯಿಂದ ನೀರು, ಕಾಳು ಹಾಕಿ ನೋಡಿಕೊಳ್ಳಬಲ್ಲೆವೆ? ಹೌದು ಎನ್ನಬಲ್ಲವರು ನಿಯಮಬದ್ಧವಾಗಿ ಸಾಕಬಹುದು. ಉಳಿದವರಿಗೆ ಹೊಲದಂಚಿನ ಬೇವಿನ ಮರ ಉಳಿಸಿಕೊಂಡು, ಅಲ್ಲಿ ಬಂದು ಕೂರುವ ಹಿಂಡನ್ನು ಮಕ್ಕಳಿಗೆ ತೋರಿಸುವುದೇ ಉತ್ತಮ.